ಹೊಳೆ ದಾಟಿ ಬಂದವಳ ಆನರ್ಸ್

ಇಂಟರ್‌ಮೀಡಿಯೆಟ್‌ನ ಮೊದಲ ವರ್ಷ ನಾನು ಓದಿದ್ದು ಧಾರವಾಡದಲ್ಲಿ. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ, ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ಹರಿಹರಕ್ಕೆ ವರ್ಗವಾಯಿತು. ಆಗ ತುಂಗಭದ್ರೆಯ ಆಚೆ ದಡ ಮುಂಬೈ ರಾಜ್ಯ, ಈಚೆ ದಡ ಮೈಸೂರು. ಸೇತುವೆ ದಾಟಿದ್ದಷ್ಟೇ, ವಿಶ್ವವಿದ್ಯಾಲಯವೂ ಬೇರೆಯಾಯಿತು, ಪಠ್ಯವೂ ಬೇರೆಯಾಯಿತು. ದಾವಣಗೆರೆಯ ಕಾಲೇಜಿನವರು ಹೇಗೋ ಸೇರಿಸಿಕೊಂಡರು. ಆದರೆ ಅಲ್ಲಿ ಮುಗಿದುಹೋಗಿದ್ದ ಪಾಠ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಪಾಠವನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಬೆಳಗಿನ ಗಾಡಿಗೆ ಹರಿಹರ ಬಿಟ್ಟು ಸಂಜೆಯ ಗಾಡಿಗೆ ಮರಳುತ್ತಿದ್ದೆ. ತರಗತಿಯಲ್ಲಿ ಬಾಯಿ ಬಿಟ್ಟರೆ ನನ್ನ ಧಾರವಾಡದ ಎಳೆತಕ್ಕೆ ಹಿಂದಿನ ಬೆಂಚು ನಗುತ್ತಿತ್ತು. ಹೀಗಾಗಿ ಬಾಯಿ ಬಿಡುವುದನ್ನೇ ಬಿಟ್ಟೆ.

ಇತಿಹಾಸದ ಮೇಷ್ಟ್ರು ಒಂದು ದಿನ ಕರೆದರು. ಮೈಸೂರಿನಲ್ಲಿ ಆನರ್ಸ್ ಮಾಡಿ ಬಂದವರು, ತೆಳ್ಳಗಿನ ಮನುಷ್ಯ. “ಶನಿವಾರ ಮಧ್ಯಾಹ್ನ ಒಂದು ಕ್ಲಾಸ್ ತಗೋತೀನಮ್ಮ, ಮುಂದೆ ಆನರ್ಸಿಗೆ ಹೋಗಬೇಕು ಅನ್ನೋರಿಗೆ. ಟೈಂ ಟೇಬಲ್‌ನಲ್ಲಿಲ್ಲ, ಪರೀಕ್ಷೆಯಿಲ್ಲ. ನೀನೂ ಬಾ” ಎಂದರು.

“ಸರ್, ಇಲ್ಲಿನ ಪಾಠದಾಗನ ನಾ ಹಿಂದ ಬಿದ್ದೀನ್ರಿ.”

“ಅಲ್ಲಿ ಎಲ್ಲರೂ ಹಿಂದೇನೇ. ಬಾ.”

ಹೋದೆ. ಐದಾರು ಜನ ಇದ್ದೆವು, ಹುಡುಗಿಯರು ಇಬ್ಬರೇ. ಇನ್ನೊಬ್ಬಳು ಊರಿನ ಹತ್ತಿ ವ್ಯಾಪಾರಿಯ ಮಗಳು. ನಾನು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಪುಸ್ತಕ ಸರಿಸಿ, “ಬಾರೇ, ಇಲ್ಲಿ ಜಾಗ ಐತೆ. ಹೆದರಬ್ಯಾಡ, ನಂಗೂ ಏನೂ ಬರಲ್ಲ” ಅಂದಳು. ಅವತ್ತಿನಿಂದ ಗೆಳತಿಯಾದಳು.

ಮೇಷ್ಟ್ರು ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ನನ್ನ ಕಡೆ ತಿರುಗಿದರು. “ಇದನ್ನ ಬರೆದವರು ಹೇಳೋದು ಸರಿಯೇ? ನಿನಗೇನನ್ನಿಸುತ್ತೆ?” ಉತ್ತರ ಬಾಯಿಪಾಠ ಮಾಡಿ ಬೆಳೆದ ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ತಡವರಿಸುತ್ತಾ, ಧಾರವಾಡದಲ್ಲಿ ಇದೇ ವಿಷಯವನ್ನು ಬೇರೆ ರೀತಿ ಓದಿದ್ದೆ ಎಂದೆ. ಮೇಷ್ಟ್ರ ಮುಖ ಅರಳಿತು. “ಹೌದೇ? ಅದನ್ನ ಹೇಳು ಮತ್ತೆ!” ಆ ಒಂದು ಗಂಟೆಯಲ್ಲಿ ಹೆಚ್ಚು ಮಾತಾಡಿದ್ದು ನಾನೇ. ನನ್ನ ಎಳೆತವನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ನಾನು ಹೇಳಿದ್ದರ ಮೇಲೇ ಜಗಳಕ್ಕೆ ಬಿದ್ದಿದ್ದರು.

ಚಳಿಗಾಲದಲ್ಲಿ ಮೇಷ್ಟ್ರು ಇಡೀ ಕ್ಲಾಸನ್ನೇ ಹರಿಹರಕ್ಕೆ ಹೊರಡಿಸಿದರು, ದೇವಸ್ಥಾನದ ಅಂಗಳದಲ್ಲಿರುವ ಶಾಸನ ಓದುವುದಕ್ಕೆ. ಸವೆದ ಅಕ್ಷರದ ಮೇಲೆ ಹಿಟ್ಟು ತಿಕ್ಕಿದರೆ ಸ್ಪಷ್ಟವಾಗಿ ಕಾಣುತ್ತದೆ ಎಂದರು. ನಾನು ಮನೆಗೆ ಓಡಿದೆ.

“ರೊಟ್ಟಿಗಿಟ್ಟ ಹಿಟ್ಟನ್ನ ಕಲ್ಲಿಗೆ ಬಳೀತೀರೇನ?” ಅವ್ವ ಬೈದಳು. ಬೈಯುತ್ತಲೇ ಒಂದು ಸೇರು ಜೋಳದ ಹಿಟ್ಟು ಅಳೆದು ಕೊಟ್ಟಳು.

ಗೆಳತಿ ಜರಿ ಅಂಚಿನ ಸೀರೆಯಲ್ಲೇ ಮೊಣಕಾಲೂರಿ ಹಿಟ್ಟು ತಿಕ್ಕಿದಳು. ಒಂದೊಂದೇ ಅಕ್ಷರ ಬೆಳ್ಳಗೆ ಮೂಡಿತು. ಸಾಲಿಗೊಬ್ಬರಂತೆ ಓದುತ್ತಾ, ತಪ್ಪುತ್ತಾ, ಒಬ್ಬರನ್ನೊಬ್ಬರು ತಿದ್ದುತ್ತಾ ಕೊನೆಗೆ ಬಂದೆವು. ದೇವರಿಗೆ ಬಿಟ್ಟ ಈ ಭೂದಾನವನ್ನು ಕಸಿದವನು ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಅಲ್ಲಿತ್ತು. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿಗೆ ಕೂತಾಗ ಒಬ್ಬ ಹುಡುಗ ಗೆಳತಿಯ ತಟ್ಟೆಯಿಂದ ಮೆಣಸಿನಕಾಯಿ ಎಗರಿಸಿದ. “ದಾನ ಕಸೀಬ್ಯಾಡ, ಹುಳ ಆಗ್ತೀಯ!” ಎಂದು ಅವಳು ಕೂಗಿದಳು. ಮೇಷ್ಟ್ರಿಗೆ ನಗು ತಡೆಯದೆ ನೀರು ನೆತ್ತಿಗೇರಿತು.

ಪರೀಕ್ಷೆ ಮುಗಿಯಿತು, ಪಾಸಾದೆ. ಅಪ್ಪನಿಗೆ ನಾನು ದಾವಣಗೆರೆಯಲ್ಲೇ ಎರಡು ವರ್ಷದ ಬಿ.ಎ. ಓದಲಿ ಎಂದಿತ್ತು. ನನಗೆ ಮೈಸೂರಿನ ಮೂರು ವರ್ಷದ ಆನರ್ಸ್ ಬೇಕಿತ್ತು. ಮೇಷ್ಟ್ರು ಮನೆಗೇ ಬಂದರು.

“ಎರಡಕ್ಕ ಮುಗಿಯೂದನ್ನ ಮೂರು ವರ್ಷ ಯಾಕ ಓದಬೇಕ್ರಿ?” ಅಪ್ಪ ಕೇಳಿದ.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. “ಅವಳೇ ಹೇಳಲಿ.”

“ಅಪ್ಪಾ, ಬ್ಯಾರೆ ಕಡಿಯಿಂದ ಬಂದಾಕಿ ಅಂತ ಇಲ್ಲಿ ನಾ ಸುಮ್ಮನ ಕೂತಿದ್ದೆ. ಆ ಕ್ಲಾಸಿನ್ಯಾಗ ನಾ ಹೊರಗಿನಿಂದ ತಂದದ್ದಕ್ಕೂ ಬೆಲೆ ಬಂತು. ಅಂಥಾದ್ದು ಇನ್ನೂ ಓದಬೇಕು ನನಗ.”

ಅಪ್ಪ ಮೀಸೆಯಡಿ ನಕ್ಕ. “ಅಂದ್ರ ಇದು ಪ್ಯಾಸೆಂಜರ್ ಗಾಡಿ ಅನ್ನು. ಎಲ್ಲಾ ಸ್ಟೇಷನ್ನಿನ್ಯಾಗೂ ನಿಂತು, ನೋಡಿಕೋತ ಹೋಗೂದು. ಆಗಲಿ, ಹೋಗು.” ಒಳಗಿನಿಂದ ಅವ್ವ, “ಹಿಟ್ಟು ಅಲ್ಲೇ ಕೊಂಡ್ಕೊ” ಅಂದಳು.

ಗೆಳತಿಯನ್ನು ಮೈಸೂರಿಗೆ ಕಳಿಸಲು ಅವರ ಮನೆಯಲ್ಲಿ ಒಪ್ಪಲಿಲ್ಲ. ಅವಳು ಮುಂದೆ ದಾವಣಗೆರೆಯಲ್ಲೇ ಬಿ.ಎ. ಮುಗಿಸಿ ಹೈಸ್ಕೂಲಿನಲ್ಲಿ ಪಾಠ ಹೇಳಿದಳು, ಜೋರಾಗಿಯೇ. ನಾನು ಹೊರಟ ದಿನ ಸ್ಟೇಷನ್ನಿಗೆ ಬೀಳ್ಕೊಡಲು ಬಂದವಳು ಅಳಲಿಲ್ಲ. ಬೆಣ್ಣೆ ದೋಸೆಯ ಪೊಟ್ಟಣ ಕಿಟಕಿಯೊಳಗೆ ತುರುಕಿ, “ಬಿಸಿ ಐತೆ, ಬೇಗ ತಿನ್ನು” ಎಂದು ಗದರಿದಳು.

ಮೈಸೂರಿನ ಆನರ್ಸ್ ಕ್ಲಾಸಿನಲ್ಲಿ ಬಹುಪಾಲು ಮಂದಿ ಅಲ್ಲಿಯವರೇ, ಒಬ್ಬರನ್ನೊಬ್ಬರು ಮೊದಲೇ ಬಲ್ಲವರು. ಮೊದಲ ವಾರವೇ ಪ್ರೊಫೆಸರು ಪುಸ್ತಕ ಮುಚ್ಚಿ, “ಯಾರಿಗಾದರೂ ಭಿನ್ನಾಭಿಪ್ರಾಯ ಇದೆಯೇ?” ಎಂದರು. ಎಲ್ಲರೂ ಮೇಜು ನೋಡುತ್ತಾ ಕೂತರು. ನಾನು ಎದ್ದು ನಿಂತು, ಎಳೆತದ ಸಮೇತ, “ನನಗ ಐತ್ರಿ ಸರ್” ಅಂದೆ.