ಕೊಪ್ಪದ ಕರೆಂಟು, ಮದ್ದೂರಿನ ಮಾವ

ಹೋದ ಭಾನುವಾರ ಮಳವಳ್ಳಿಯ ಪೇಟೆ ಬೀದಿಯಲ್ಲಿ ನಡೆಯುತ್ತಿದ್ದಾಗ ಮೂಗಿಗೆ ವಾರ್ನಿಷ್ ವಾಸನೆ ಬಡಿಯಿತು. ಮರಕ್ಕೆ ಬಳಿಯುವ ವಾರ್ನಿಷ್ ಅಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ಸುರಿದು ಒಣಗಲು ಇಡುತ್ತಾರಲ್ಲ, ಅದು. ಸ್ವಲ್ಪ ಸಿಹಿ, ಸ್ವಲ್ಪ ಘಾಟು... ಜೊತೆಯಲ್ಲಿದ್ದ ನಾದಿನಿ ಮೂಗು ಮುಚ್ಚಿಕೊಂಡಳು. ಗೇಮ್ ಆಡಲು ಕಡಿಮೆ ಖರ್ಚಿನ ಕಂಪ್ಯೂಟರ್ ಬೇಕು, ಬಿಡಿಭಾಗ ಆರಿಸಿಕೊಡಿ ಬಾವ ಎಂದು ನನ್ನನ್ನು ಮಂಡ್ಯದಿಂದ ಕರೆಸಿಕೊಂಡಿದ್ದವಳು ಅವಳೇ. ಆ ಬಾವ ನೋಡಿದರೆ ಮೋಟಾರ್ ವೈಂಡಿಂಗ್ ಅಂಗಡಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದ. ನನಗೆ ಕಂಪ್ಯೂಟರಿನ ವಾಸನೆ ಎಂದರೆ ಇವತ್ತಿಗೂ ಇದೇ ಎಂದು ಅವಳಿಗೆ ಹೇಗೆ ಹೇಳಲಿ?

ಮದ್ದೂರಿನಲ್ಲಿ ಮಾವನದೊಂದು ಉದ್ದನೆಯ ಅಂಗಡಿ ಇತ್ತು. ಎಡಕ್ಕೆ ಮೋಟಾರು, ಬಲಕ್ಕೆ ಕಂಪ್ಯೂಟರು. ನಮ್ಮಪ್ಪನೂ ಅವರೂ ಒಬ್ಬರಿಗೊಬ್ಬರು ಬಾವ ಅನ್ನುತ್ತಿದ್ದರು, ಆ ಲೆಕ್ಕದಲ್ಲಿ ನನಗೆ ಮಾವ. ರಕ್ತಸಂಬಂಧ ಏನೂ ಇರಲಿಲ್ಲ. ಮದ್ದೂರಿನ ಹತ್ತಿರದ ನಮ್ಮೂರು ಕೊಪ್ಪದಲ್ಲಿ ಅರ್ಧ ಊರಿನ ಮೋಟಾರು ಅವರ ಕೈಯಲ್ಲೇ ಸುತ್ತಿಸಿಕೊಂಡದ್ದು, ಸಂಬಂಧ ಅಂದರೆ ಅಷ್ಟೇ. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು. ಯಾಕೆ ಮಾವ ಎಂದರೆ, "ಎರಡೂ ಕರೆಂಟ್ ತಿನ್ನೋವೇ ಕಣ್ಲಾ, ಇದು ವಸಿ ನಾಜೂಕಾಗಿ ತಿಂತದೆ ಅಷ್ಟೆಯ" ಅನ್ನುತ್ತಿದ್ದರು.

ನಾನಾಗ ಮಂಡ್ಯದಲ್ಲಿ ಡಿಗ್ರಿ ಎರಡನೇ ವರ್ಷ. ದಿನಾ ಬಸ್ಸಿನಲ್ಲಿ ಓಡಾಟ. ಕಬ್ಬಿನ ಬಿಲ್ಲು ಬಂದಾಗ ಅಪ್ಪ ಒಂದಿಷ್ಟು ಕೈಗಿಟ್ಟು, ಇಷ್ಟರಲ್ಲಿ ಆದರೆ ಮಾಡಿಕೋ, ಇಲ್ಲದಿದ್ದರೆ ಸುಮ್ಮನಿರು ಎಂದಿದ್ದರು. ನಾನು ನೋಟ್‌ಬುಕ್ಕಿನ ಎರಡು ಪುಟ ತುಂಬ ಪಟ್ಟಿ ಬರೆದುಕೊಂಡು ಹೋದೆ. ಎಲ್ಲ ಕಡೆಯೂ ದೊಡ್ಡದೇ. ದೊಡ್ಡ ಪ್ರೊಸೆಸರು, ದೊಡ್ಡ ಗ್ರಾಫಿಕ್ಸ್ ಕಾರ್ಡು, ಗಾಜಿನ ಬಾಗಿಲಿರುವ, ಬಣ್ಣಬಣ್ಣದ ಲೈಟು ಹತ್ತುವ ಕ್ಯಾಬಿನೆಟ್ಟು.

ಮಾವ ಪಟ್ಟಿಯನ್ನು ಪೂರ್ತಿ ಓದಿದರು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮೊದಲು ಲೈಟಿನ ಕ್ಯಾಬಿನೆಟ್ಟಿಗೇ ಗೀಟು ಹಾಕಿದರು.

"ಆಟ ಆಡೀಯೋ, ಆರ್ಕೆಸ್ಟ್ರಾ ಮಾಡೀಯೋ?"

ಆಮೇಲೆ ಪ್ರೊಸೆಸರು ಚಿಕ್ಕದಾಯಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಯಿತು, ಏಕೆಂದರೆ ಆಟಕ್ಕೆ ಬೇಕಾದ್ದು ಅದು. ಹಾಗಂತ ಪಟ್ಟಿಯಲ್ಲಿದ್ದಷ್ಟು ದೊಡ್ಡದನ್ನೂ ಕೊಡಲಿಲ್ಲ. "ಏಳೂವರೆ ಎಚ್‌ಪಿ ಮೋಟ್ರಿಗೆ ಒಂದಿಂಚು ಪೈಪಾಕಿದ್ರೆ ನೀರ್ ಬತ್ತದೇನ್ಲಾ? ಎರಡೂ ಒಂದಕ್ಕೊಂದು ವಂದ್ಕಬೇಕು" ಎಂದರು. ನಾನು ಇಂಟರ್‌ನೆಟ್ಟಿನಲ್ಲಿ ವಾರಗಟ್ಟಲೆ ಓದಿ ಅರ್ಥವಾಗದೆ ಬಿಟ್ಟಿದ್ದ ವಿಷಯ ಆ ಒಂದು ಮಾತಿನಲ್ಲಿ ತಲೆಗೆ ಹೋಯಿತು. ರ‍್ಯಾಮ್ ಒಂದೇ ಹಾಕಿ ಪಕ್ಕದ ಜಾಗ ಖಾಲಿ ಬಿಟ್ಟರು, ಇನ್ನೊಂದು ಮುಂದಿನ ವರ್ಷದ ಕಬ್ಬಿಗೆ. ಮಾನಿಟರ್ ಬೇಡವೇ ಬೇಡ, ಮನೆಯ ಟಿವಿ ಇದೆಯಲ್ಲ ಎಂದರು. ಕೊನೆಗೆ ಕರೆಂಟು ಹಂಚಿಕೊಡುವ ಡಬ್ಬಿ, ಎಸ್‌ಎಂಪಿಎಸ್ ಅನ್ನುತ್ತಾರಲ್ಲ, ಅಂಥವು ಮೂರನ್ನು ಕುಂಬಳಕಾಯಿ ಆರಿಸುವವರ ಹಾಗೆ ಒಂದೊಂದಾಗಿ ಕೈಯಲ್ಲಿ ಎತ್ತಿ ತೂಗಿ ನೋಡಿ, ಭಾರವಾದದ್ದನ್ನೇ ಇಟ್ಟರು. ಒಳಗೆ ಮಾಲಿಲ್ಲದೆ ತೂಕ ಎಲ್ಲಿಂದ ಬರುತ್ತದೆ ಎಂಬುದು ಅವರ ವಾದ.

ಆಮೇಲೆ ಕೇಳಿದರು, "ನಿಮ್ಮನೇಲಿ ಕರೆಂಟ್ ಎಂಗೈತೆ? ಏರಿಳಿತ ಇದ್ರೆ ಯುಪಿಎಸ್ ಒಂದು ಆಕ್ಬೇಕಾಯ್ತದೆ."

ಯುಪಿಎಸ್ ಹಾಕಿದರೆ ಗ್ರಾಫಿಕ್ಸ್ ಕಾರ್ಡು ಇನ್ನೂ ಒಂದು ಮೆಟ್ಟಿಲು ಇಳಿಯುತ್ತಿತ್ತು. "ಕಲ್ಲಿದ್ದಂಗೈತೆ ಮಾವ" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಅವರು ನಂಬಿದರು.

ಜೋಡಿಸಿದ ಮೇಲೆ ಎರಡು ದಿನ ಅಂಗಡಿಯಲ್ಲೇ ಓಡಿಸಿ ನೋಡಿದರು. ಯಂತ್ರ ಬಿಸಿಯಾಗುತ್ತದೋ ಇಲ್ಲವೋ ನೋಡುವುದಕ್ಕೆ ಎಂದು ಹೇಳಿಕೊಂಡು ಲಾರಿ ಓಡಿಸುವ ಆಟಕ್ಕೆ ಕೂತರು. ನಾನು ಆಟದಲ್ಲಿ ಲಾರಿಯನ್ನು ಗೂಳಿ ನುಗ್ಗಿಸಿದ ಹಾಗೆ ನುಗ್ಗಿಸುವವನು. ಮಾವ ಪ್ರತಿ ತಿರುವಿಗೂ ಇಂಡಿಕೇಟರ್ ಹಾಕುತ್ತಿದ್ದರು. ಯಾರೂ ಇಲ್ಲದ ರಸ್ತೆಯಲ್ಲೂ ಸಿಗ್ನಲ್ಲಿಗೆ ನಿಲ್ಲಿಸಿ ಕಾಯುತ್ತಿದ್ದರು. ಮೋಟಾರು ತಂದ ರೈತರು ಹಿಂದೆ ನಿಂತು ನೋಡುತ್ತಿದ್ದರು, ಒಬ್ಬರಿಗೂ ಅವಸರವಿರಲಿಲ್ಲ.

ಯಂತ್ರ ಕೊಪ್ಪಕ್ಕೆ ಬಂತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ದಿನ ಸಂಜೆ, ಆಟದ ನಡುಮಧ್ಯದಲ್ಲಿ ಪಟ್ ಎಂದು ಆಫ್ ಆಗಿ ತಾನೇ ಮತ್ತೆ ಆನ್ ಆಯಿತು. ಮಾರನೇ ದಿನವೂ ಹಾಗೇ. ಕಾಲೇಜಿನಿಂದ ಬಂದು, ಕಾಫಿ ಕುಡಿದು, ಆಟ ಇನ್ನೇನು ರಂಗೇರಿತು ಅನ್ನುವಾಗ ಪಟ್. ಮದ್ದೂರಿಗೆ ಹೊತ್ತುಕೊಂಡು ಹೋದರೆ ಅಲ್ಲಿ ದಿನವಿಡೀ ತಣ್ಣಗೆ ಓಡುತ್ತಿತ್ತು. ಮಾವ ರ‍್ಯಾಮ್ ಬದಲಿಸಿದರು, ಇನ್ನೊಂದು ಸಲ ಬೋರ್ಡನ್ನೇ ಬದಲಿಸಿದರು. ಮನೆಗೆ ತಂದರೆ ಮತ್ತೆ ಅದೇ ಕಥೆ.

ಮೂರನೇ ಸಲ, ಯಂತ್ರವನ್ನು ಮನೆಯಲ್ಲೇ ಬಿಟ್ಟು ಮದ್ದೂರಿಗೆ ಹೋದಾಗ ನನ್ನ ತಲೆ ಕೆಟ್ಟಿತ್ತು. ಅವರ ಅಂಗಡಿಯ ಎದುರಿಗಿದ್ದ ಟೀ ಅಂಗಡಿಯಲ್ಲಿ ಕಾಲೇಜಿನ ಇಬ್ಬರು ಗೆಳೆಯರು ಸಿಕ್ಕಿದರು, ಅವರೂ ಮಾವನ ಹತ್ತಿರವೇ ಕಂಪ್ಯೂಟರ್ ಮಾಡಿಸಬೇಕೆಂದಿದ್ದವರು. ನಾನು ಏನು ಹೇಳಿದೆನೋ ಅದನ್ನು ಹಾಗೆಯೇ ಬರೆಯುತ್ತೇನೆ, ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. "ಅಳೇ ಮಾಲ್‌ಗೆ ಒಸಾ ಡಬ್ಬ ಆಕಿ ಕೊಟ್ಟವ್ರೆ ಕಣ್ರಲಾ. ಮೋಸ. ಅಲ್ಲಿಗ್ ಮಾತ್ರ ಓಗ್ಬೇಡಿ." ಇಡೀ ಟೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ. ಗೆಳೆಯರಿಬ್ಬರೂ ಆ ವಾರವೇ ಮೈಸೂರಿಗೆ ಹೋಗಿ ಕೊಂಡುಕೊಂಡರು. ಮೂವತ್ತು ವರ್ಷ ಒಂದು ಮೋಟಾರಿಗೂ ಹಳೇ ತಂತಿ ಸುತ್ತದವರ ಹೆಸರಿಗೆ ನಾನು ಅರ್ಧ ಲೋಟ ಟೀ ಮುಗಿಯುವಷ್ಟರಲ್ಲಿ ಮಸಿ ಬಳಿದಿದ್ದೆ.

ಮಾರನೇ ದಿನ ಸಂಜೆ ನಾಲ್ಕೂವರೆಗೆ ಮಾವ ಟೂಲ್ಸ್ ಚೀಲ ಸಿಕ್ಕಿಸಿಕೊಂಡು ಗಾಡಿಯಲ್ಲಿ ನಮ್ಮ ಮನೆಗೇ ಬಂದರು. ನಾನು ಬಾಗಿಲ ಮರೆಗೆ ಸರಿದೆ. ಅವರು ಮಾತ್ರ ಮಾಮೂಲಿನಂತೆ ಚಪ್ಪಲಿ ಬಿಟ್ಟು ಒಳಗೆ ಬಂದು, "ನಡಿ, ನಿನ್ ಲಾರಿ ಒರಡ್ಸು" ಎಂದರು. ಪಕ್ಕದಲ್ಲೇ ಕೂತರು. ಒಂದು ಸುತ್ತು ನಾನು, ಒಂದು ಸುತ್ತು ಅವರು. ಇಂಡಿಕೇಟರ್ ಆಕೋ ಲೇ ಎಂದು ನನಗೆ ಬೈದರು. ಐದು ಗಂಟೆ ದಾಟಿರಬೇಕು... ಪಟ್.

ಮಾವ ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಬಲ್ಬು ನೋಡಿದರು. ಅದು ಮಂಕಾಗಿ ಕೆಂಪಗೆ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಸಂಜೆ ಬಲ್ಬು ಹಾಗೆಯೇ ಉರಿಯುವುದು, ನಾನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು, ಅದೊಂದು ವಿಷಯ ಎಂದು ಯಾರಿಗೂ ಅನಿಸಿರಲಿಲ್ಲ, ಕರೆಂಟು ಕಲ್ಲಿದ್ದಂಗೈತೆ ಎಂದು ಸುಳ್ಳು ಹೇಳಿದ್ದೂ ನನಗೆ ಮರೆತೇ ಹೋಗಿತ್ತು.

"ನಿಮ್ಮಪ್ಪ ಎಲ್ಲವ್ನೆ?"

ಅಪ್ಪ ಹಿತ್ತಿಲಾಚೆಯ ಕಬ್ಬಿನ ಗದ್ದೆಯಲ್ಲಿದ್ದರು. ಅಲ್ಲಿನ ಪಂಪ್‌ಸೆಟ್ ಮೋಟಾರಿಗೂ ನಮ್ಮ ಮನೆಗೂ ಒಂದೇ ಟ್ರಾನ್ಸ್‌ಫಾರ್ಮರ್. ಐದು ಗಂಟೆಗೆ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಹೋಗುತ್ತಿತ್ತು, ನಾಲೆಯಲ್ಲಿ ನೀರಿರಲಿಲ್ಲ, ಕಬ್ಬು ಕೇಳಬೇಕಲ್ಲ. ಅಪ್ಪ ಎಲ್ಲರಂತೆ ಕಂಡೆನ್ಸರ್ ಹಾಕಿ, ಮೂರು ಫೇಸಿನ ಮೋಟಾರನ್ನು ಎರಡು ಫೇಸಿನಲ್ಲೇ ಓಡಿಸುತ್ತಿದ್ದರು. ಅದು ಎಳೆಯುವ ಎಳೆತಕ್ಕೆ ಮನೆಯ ಕರೆಂಟು ಪಾತಾಳಕ್ಕೆ ಇಳಿಯುತ್ತಿತ್ತು. ಪಂಪ್‌ಮನೆಯಲ್ಲಿ ಮಾವ ಬಗ್ಗಿ ಆ ಕಂಡೆನ್ಸರನ್ನು ನೋಡಿದವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. ಕೂತವರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬಾವ, ಇದ್ನ ಕಟ್ಟಿಕೊಟ್ಟೋನು ನಾನೇ ಅಲ್ವಾ? ನಾನ್ ಸುತ್ತಿದ್ ಮೋಟ್ರು, ನಾನ್ ಕಟ್ಟಿದ್ ಕಂಡೆನ್ಸರ್ರು, ನಾನ್ ಜೋಡಿಸಿದ್ ಕಂಪ್ಯೂಟ್ರನ್ನ ಕೆಡವ್ತಾ ಕುಂತವೆ."

ಅಪ್ಪ ಕಂಪ್ಯೂಟರಿಗಾಗಿ ಕಬ್ಬು ಒಣಗಿಸಲು ಒಪ್ಪುವವರಲ್ಲ. ನಾನು ಆಟ ಬಿಡುವವನಲ್ಲ. ಮಾವನೇ ಪಂಚಾಯ್ತಿ ಮಾಡಿದರು. ಅಂಗಡಿಯಲ್ಲಿದ್ದ ಹಳೆಯ ಯುಪಿಎಸ್ ಒಂದನ್ನು ರಿಪೇರಿ ಮಾಡಿ ತಂದುಕೊಟ್ಟರು, ಆರು ಗಂಟೆಯವರೆಗೆ ಮೋಟಾರು ಹಾಕಕೂಡದು ಎಂದು ಅಪ್ಪನಿಗೆ ತಾಕೀತು ಮಾಡಿದರು. ಅವತ್ತಿನಿಂದ ಎಷ್ಟೋ ವರ್ಷ ಅಪ್ಪ ಸ್ಟಾರ್ಟರ್ ಒತ್ತುವ ಮುಂಚೆ ಗದ್ದೆಯಿಂದಲೇ ಕೂಗುತ್ತಿದ್ದರು, "ಲೇ, ನಿನ್ ಲಾರಿ ಊರ್ ಸೇರ್ತೇನ್ಲಾ?" ಸೇರಿತು ಎಂದರೆ ಮೋಟಾರು ಗುಂಯ್ ಅನ್ನುತ್ತಿತ್ತು.

ನಾನು ಆ ಟೀ ಅಂಗಡಿಯ ಮಾತನ್ನು ಮಾವನಿಗೆ ಹೇಳಲಿಲ್ಲ. ಹೇಳಬೇಕೆಂದು ಅಂಗಡಿಗೆ ಹೋದಾಗಲೆಲ್ಲ ಯಾರಾದರೂ ಮೋಟಾರು ಇಳಿಸುತ್ತಿರುತ್ತಿದ್ದರು, ಅಥವಾ ಮಾವನೇ ಯಾವುದೋ ತಮಾಷೆ ಶುರುಮಾಡುತ್ತಿದ್ದರು. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗುತ್ತಿತ್ತು. ಅವರಿಗೆ ಗೊತ್ತಿಲ್ಲದ ಮಾತನ್ನು ಎತ್ತಿ ನೋಯಿಸುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಡ್ಯದಲ್ಲಿ ಕೆಲಸವಾಯಿತು, ಮದುವೆಯಾಯಿತು. ಎರಡು ವರ್ಷದ ಹಿಂದೆ ಮಾವ ಅಂಗಡಿಯಲ್ಲಿ ಕೂತಲ್ಲೇ ತೀರಿಕೊಂಡರು. ತಿಥಿಗೆ ಹೋಗಿ ಊಟ ಮಾಡಿ ಬಂದೆ... ಅಷ್ಟು ಜನರ ನಡುವೆ ಯಾರಿಗೆ ಏನು ಹೇಳುವುದು?

ಮಳವಳ್ಳಿಯಲ್ಲಿ ನಾದಿನಿಗೆ ಬೇಕಾದ್ದನ್ನೆಲ್ಲ ಆರಿಸಿಕೊಟ್ಟು ಹೊರಟವನು ಮದ್ದೂರಿನಲ್ಲಿ ಬಸ್ ಇಳಿದೆ. ಅಂಗಡಿ ಇದೆ. ಕಂಪ್ಯೂಟರಿನ ಕಡೆಯ ಬೆಂಚು ಖಾಲಿ. ಮಾವನ ಹೆಂಡತಿ ಈಗ ಅಲ್ಲಿ ಪೈಪು, ವೈರು ಮಾರುತ್ತಾರೆ. ಗಿರಾಕಿಗಳು ಹೋಗುವವರೆಗೂ ಕಾದು, ಹನ್ನೆರಡು ವರ್ಷದಿಂದ ಬಚ್ಚಿಟ್ಟುಕೊಂಡಿದ್ದನ್ನು ಹೇಳಿದೆ. ಅತ್ತೆ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಪ್ಪ. ನೀನು ಬಸ್ ಅತ್ತಾಕ್ ಮುಂಚೇನೆ ಟೀ ಅಂಗ್ಡಿಯವ್ನು ಬಂದು ಯೋಳಿದ್ದ."

"ಮಾವನಿಗಾ?"

"ಇನ್ಯಾರಿಗೆ? ಇಬ್ರೂ ಇಲ್ಲೇ ಇದ್ವಲ್ಲ. ನಂಗೆ ಕ್ವಾಪ ಬಂತು. ಅವ್ರು, ಆಟ ಅರ್ಧಕ್ಕೇ ನಿಂತೋದ್ರೆ ಯಾರ್ಗಾದ್ರೂ ಬೇಜಾರಾಯ್ತದೆ ಬುಡು, ನಾಳಿಕ್ ಓಗಿ ನೋಡ್ಕಬತ್ತೀನಿ ಅಂದ್ರು."

ಅಂದರೆ ಅವತ್ತು ಮಾವ ನನ್ನ ಪಕ್ಕದಲ್ಲಿ ಕೂತು ಲಾರಿ ಓಡಿಸಿದ್ದು ಎಲ್ಲ ಗೊತ್ತಿದ್ದೇ. ಪಂಪ್‌ಮನೆಯಲ್ಲಿ ಕೂತು ಅಷ್ಟು ನಕ್ಕಿದ್ದೂ ಗೊತ್ತಿದ್ದೇ. ಕಣ್ಣು ಒರೆಸಿಕೊಂಡು, ತಪ್ಪಾಯ್ತು ಅತ್ತೆ ಎಂದೆ.

ಅತ್ತೆ ವೈರಿನ ತುದಿ ಕತ್ತರಿಸಿ ಸುರುಳಿಯನ್ನು ಮೊಳೆಗೆ ತೂಗುಹಾಕಿದರು. "ನಂಗ್ಯಾಕ್ ಯೋಳೀಯಪ್ಪ? ಅವ್ರಿಗ್ ಯೋಳ್ಬೇಕಾಗಿತ್ತು. ನೀನು ಅಂಗ್ಡಿಗ್ ಬಂದೋದಾಗ್ಲೆಲ್ಲ, ಇವತ್ತೂ ಯೋಳ್ಲಿಲ್ಲ ಕಣೆ ಅಂತ ನಗ್ತಿದ್ರು."