ಚಿಕ್ಕೋಡಿ ದಿಕ್ಕಿನಿಂದ ಹುಟ್ಟುವ ಚುಕ್ಕಿ

1992ರ ಜನವರಿಯಲ್ಲಿ ನಾನು ಮಂಗಸೂಳಿಯಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದೆ. ಆ ವರ್ಷದ ನೋಟಬುಕ್ಕು ಈಗಲೂ ನನ್ನ ಹತ್ತಿರ ಇದೆ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಬಾವಿಯಲ್ಲಿ ಎಷ್ಟು ಮೆಟ್ಟಿಲು ಮುಳುಗಿವೆ, ಅಪ್ಪ ಕಾಗವಾಡಕ್ಕೆ ಹೋಗುವ ಬೆಳಗಿನ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು, ಎಲ್ಲವನ್ನೂ ವಾರದ ಹೆಸರು ಹಾಕಿ ಗೆರೆ ಎಳೆದು ಬರೆದಿದ್ದೇನೆ. ಯಾರೂ ಬರೆಯಲು ಹೇಳಿರಲಿಲ್ಲ. ಬರೆಯದಿದ್ದರೆ ಅವತ್ತಿನ ದಿನ ಎಲ್ಲೋ ಸೋರಿಹೋದ ಹಾಗೆ ಅನಿಸುತ್ತಿತ್ತು, ಅಷ್ಟೇ.

ವಿಜ್ಞಾನದ ಸರ್ ಒಂದು ದಿನ ಪೇಪರು ತಂದು ಓದಿದರು. ರಷ್ಯಾದವರ ಬಾಹ್ಯಾಕಾಶ ನಿಲ್ದಾಣ ಮೇಲೆ ತಿರುಗುತ್ತಿದೆ; ಹಿಂದಿನ ವರ್ಷ ಅದರೊಳಗೆ ಹೋದ ಒಬ್ಬ ಮನುಷ್ಯ ಇನ್ನೂ ಇಳಿದಿಲ್ಲ; ಅಷ್ಟರಲ್ಲಿ ಕೆಳಗೆ ಅವನ ದೇಶವೇ ಒಡೆದು ಹಲವಾಗಿದೆ.

"ಸರ್, ಹಂಗಾದ್ರ ಅವ ಯಾವ ದೇಶಕ್ಕ ಇಳೀತಾನ್ರಿ?" ಎಂದು ಕೇಳಿದೆ.

"ಮೊದಲ ನೆಲಕ್ಕ ಇಳೀಲಿ ಬೇ. ದೇಶ ಆಮ್ಯಾಲೆ ನೋಡೂಣು" ಎಂದರು ಸರ್. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಮನುಷ್ಯರು ಕೂತ ವಸ್ತು ನಮ್ಮ ಊರಿನ ಮೇಲೂ ಹಾದುಹೋಗುತ್ತಿರಬೇಕಲ್ಲ, ಕಣ್ಣಿಗೆ ಕಾಣುತ್ತದೆಯೆ ಎಂಬುದೊಂದೇ ತಲೆಯಲ್ಲಿ ತಿರುಗತೊಡಗಿತು.

ಮರುವಾರ ಮಂಗಳವಾರ ಸಂಜೆ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನೈಋತ್ಯಕ್ಕೆ, ಚಿಕ್ಕೋಡಿ ದಿಕ್ಕಿನಿಂದ ಒಂದು ಚುಕ್ಕಿ ಎದ್ದಿತು. ಮಿನುಗಲಿಲ್ಲ, ಸದ್ದಿಲ್ಲ. ನೆತ್ತಿಯ ತನಕ ಸರಾಗವಾಗಿ ಬಂದು, ಯಾರೋ ಊದಿದಂತೆ ಆರಿಹೋಯಿತು. ಅದು ಏಳುವಾಗಲೇ ತೆರೆದ ಬಾಗಿಲಿನಿಂದ ಗೋಡೆ ಗಡಿಯಾರ ನೋಡಿಕೊಂಡಿದ್ದೆ: ಏಳು ಐವತ್ತೆಂಟು.

ಆಗ ಮನೆಗೆ ಹೊಂದಿದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಕುರಿಯವರ ಕಾಕಾ ಬಲೆಯ ಬೇಲಿಯ ಹತ್ತಿರ ಮರಿಗಳನ್ನು ತಾಯಿಗಳ ಕಡೆಗೆ ಬಿಡುತ್ತಿದ್ದರು. ಅವರಿಗೆ ಹೇಳಿದರೆ ತಲೆ ಎತ್ತಲೂ ಇಲ್ಲ.

"ಇವತ್ತ ನೋಡಿದೇನ ಯವ್ವಾ? ಐಗಳಿ ಕಡೆ ಕುರಿ ನಿಂತಾಗಿಂದ ನಾ ನೋಡಾಕತ್ತೀನಿ. ನಾಕೈದ ಸಲ ಬರತೈತಿ, ಆಮ್ಯಾಲೆ ಎಷ್ಟೋ ದಿನ ಪತ್ತೇನ ಇರೂದಿಲ್ಲ."

"ಯಾರಿಗೂ ಹೇಳಲಿಲ್ಲೇನ ಕಾಕಾ?"

"ಯಾರಿಗೆ ಹೇಳಲಿ? ಕುರಿಗೆ ಹೇಳೇನಿ."

ಬುಧವಾರ ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದರೂ ಅದು ಬರಲಿಲ್ಲ. ಗುರುವಾರ ಏಳು ನಲವತ್ತೆರಡಕ್ಕೆ ಬಂತು. ಶುಕ್ರವಾರ ಇಲ್ಲ. ಶನಿವಾರ ಏಳು ಇಪ್ಪತ್ತಾರು. ಕಳೆದು ನೋಡಿದೆ: ಒಂದು ದಿನ ಬಿಟ್ಟು ಒಂದು ದಿನ, ಪ್ರತಿ ಸಲ ಹದಿನಾರು ನಿಮಿಷ ಮುಂಚೆ. ಹಾಗಾದರೆ ಸೋಮವಾರ ಏಳು ಹತ್ತಕ್ಕೆ ಬರಬೇಕು. ಭಾನುವಾರವಿಡೀ ಆ ಕಳೆಯುವ ಲೆಕ್ಕವನ್ನೇ ತಿರುಗಿ ತಿರುಗಿ ಮಾಡಿದೆ.

ಸೋಮವಾರ ಬೆಳಿಗ್ಗೆ ಸರ್ ನೋಟಬುಕ್ಕು ತಿರುವಿ ನೋಡಿದರು. "ಮುಂಬೈ ವಿಮಾನ ಇರಬೇಕ" ಎಂದರು.

"ಸದ್ದಿಲ್ರಿ ಸರ್. ಇವತ್ತ ಏಳಾ ಹತ್ತಕ್ಕ ಬರತೈತ್ರಿ."

ಸರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. "ಬಂದ ಮ್ಯಾಲೆ ಎಲ್ಲಾರೂ ಹೇಳ್ತಾರ. ಬರೂ ಮೊದಲ ಹೇಳಿದಿ, ಚಲೋ ಆತು. ಬಂದ್ರ ಈ ನೋಟಬುಕ್ಕ ಮುಂದಿನ ವಾರ ಚಿಕ್ಕೋಡಿ ವಿಜ್ಞಾನ ಪ್ರದರ್ಶನಕ್ಕ ಹೋಗತೈತಿ. ಬರದಿದ್ರ ಎಮ್ಮಿ ಹಾಲ ಬರಕೋತ ಕುಂದರು."

ಚಿಕ್ಕೋಡಿಗೆ ನಮ್ಮ ಶಾಲೆಯಿಂದ ಪ್ರತಿ ವರ್ಷ ಅದೇ ಮಣ್ಣಿನ ಜ್ವಾಲಾಮುಖಿ ಹೋಗುತ್ತಿತ್ತು. ಅದರ ಬದಲು ನಾನು ಕಣ್ಣಾರೆ ಕಂಡು ಬರೆದ ಮೂರು ಸಾಲು ಹೋಗುವುದೆಂದರೆ! ಮಧ್ಯಾಹ್ನ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಸಂಜೆ ಸರ್ ಏಳು ಗಂಟೆಗೆ ನಮ್ಮ ಹೊಲಕ್ಕೆ ಬರುವುದೆಂದು ನಿಶ್ಚಯವಾಗಿತ್ತು. ಗಡಿಯಾರ ನೋಡಲು ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ. "ಏಳ ಆತು" ಎಂದಳು. ಸರ್ ಇಲ್ಲ. "ಏಳಾ ಐದು." ದಾರಿ ಖಾಲಿ. ಅವಳು "ಏಳಾ ಹತ್ತು" ಎನ್ನುವುದಕ್ಕೂ ಚಿಕ್ಕೋಡಿ ಕಡೆಯಿಂದ ಚುಕ್ಕಿ ಏಳುವುದಕ್ಕೂ ಸರಿಹೋಯಿತು. ಕಾಕಾ ಮತ್ತು ನಾನು ಇಬ್ಬರೇ ನೋಡಿದೆವು. ಅದು ನೆತ್ತಿ ದಾಟಿ ಈಶಾನ್ಯಕ್ಕೆ, ಜತ್ತ ಕಡೆಗೆ ಹೋಗಿ ಕರಗಿತು.

ಆಮೇಲೆ ಸರ್ ಬಂದರು, ಹಿಂದೆ ನನ್ನ ತರಗತಿಯ ನಾಲ್ವರು ಹುಡುಗಿಯರು. ಸರ್ ಕೈಗಡಿಯಾರ ನೋಡಿ, "ಸರಿಯಾಗಿ ಏಳಕ್ಕ ಬಂದೀವಿ" ಎಂದರು.

"ಅದು ಹೋತ್ರಿ ಸರ್" ಎಂದೆ.

"ಹೋತಂದ್ರ? ಏಳಾ ಹತ್ತಕ್ಕ ಅಂದಿದ್ದೆಲ್ಲ?"

"ಹೋತ್ರಿ ಮಾಸ್ತರ್ರ" ಎಂದರು ಕಾಕಾ. "ನೀವು ಕೆಳಗ ನೋಡಕೋತ ಬದು ದಾಟೂದರಾಗ ನಿಮ್ಮ ತಲಿ ಮ್ಯಾಲೇ ಹೋತು."

ಹುಡುಗಿಯರು ಕಿಸಕ್ಕನೆ ನಕ್ಕರು. "ಸಾಕ್ಷಿಗೆ ಕುರಿನೂ ಕರಿ ಯವ್ವಾ" ಎಂದಳು ಒಬ್ಬಳು. ಸರ್ ನಗಲಿಲ್ಲ. ಏಳೂವರೆಯ ತನಕ ನಿಂತು ನೋಡಿ, ಹುಡುಗಿಯರನ್ನು ಕರೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೊರಡುವಾಗ ನಾನು ಒಂದು ಕೆಲಸ ಮಾಡಿದ್ದೆ. ಅವರ ಕೈಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಕೇಳಿ, ಓಡಿಬಂದು ಗೋಡೆ ಗಡಿಯಾರ ನೋಡಿದ್ದೆ. ಸರ್ ತಮ್ಮದನ್ನು ದಿನಾ ಬೆಳಿಗ್ಗೆ ರೇಡಿಯೋ ಸಮಯಕ್ಕೆ ಹೊಂದಿಸುವವರು. ನಮ್ಮದು ಹದಿಮೂರು ನಿಮಿಷ ಮುಂದಿತ್ತು.

ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. "ಐದ ಮಿನಿಟ ನಾನ ಮುಂದ ಇಟ್ಟೇನಿ, ಬಸ್ ತಪ್ಪಬಾರದಂತ. ಹದಿಮೂರ ಹೆಂಗಾತು?" ಎಂದ ಅಪ್ಪ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಎಂಟ ನಾ ಇಟ್ಟೇನಿ. ಐದ ಮುಂದೈತಿ ಅಂತ ನಿಮಗ ಗೊತ್ತಿತ್ತಲ್ಲ, ಐದೂ ಮಿನಿಟ ಚಾ ಕುಡಕೋತ ಕುಂದರತಿದ್ರಿ. ದೀಪಾವಳಿ ಆದ ಮ್ಯಾಲೆ ಸರಸಿಟ್ಟೆ."

ಅಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಅಂದ್ರ ದೀಪಾವಳಿಯಿಂದ ಆ ಡ್ರೈವರಗ ನಾ ಬೈದದ್ದು..."

"ಅವ ಹೊತ್ತಿಗೇ ಬರತಿದ್ದ ಬಿಡ್ರಿ. ನೀವ ಮೊದಲ ಹೋಗಿ ನಿಂತ ಬೈತಿದ್ರಿ."

ನಾನು ನೋಟಬುಕ್ಕಿನ ಬಸ್ಸಿನ ಪುಟ ತೆರೆದೆ. ಬಸ್ಸು ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದುದರಿಂದ ದಿನವೂ ಗೋಡೆ ಗಡಿಯಾರ ನೋಡಿ ಬರೆದಿದ್ದೆ. ದೀಪಾವಳಿಗೆ ಮೊದಲು ಐದು, ಆರು ನಿಮಿಷ ತಡ. ಆಮೇಲೆ ಹದಿಮೂರು, ಹನ್ನೆರಡು, ಹದಿಮೂರು, ಹದಿನಾಲ್ಕು. ಅವ್ವ ಹೇಳಿದ್ದು ನಿಜ. ಅದಾದ ಮೇಲೆ ಗಡಿಯಾರವನ್ನು ಯಾರೂ ಮುಟ್ಟಿಲ್ಲ. ಚುಕ್ಕಿಯ ನಾಲ್ಕೂ ಸಾಲುಗಳಿಂದ ಹದಿಮೂರು ಕಳೆದರೆ ಸಾಕು. ಹದಿನಾರರ ಅಂತರ ಹಾಗೇ ಉಳಿಯುತ್ತದೆ. ಮುಂದಿನದು ಬುಧವಾರ, ಆರು ನಲವತ್ತೊಂದು. ಅದರ ಮುಂದಿನದು ಹಗಲಿನಲ್ಲೇ ಹೋಗಿಬಿಡುತ್ತದೆ. ಉಳಿದಿರುವುದು ಬುಧವಾರದ ಅದೊಂದೇ ಸಲ.

ಮಂಗಳವಾರ ಶಾಲೆಯಲ್ಲಿ ಸರ್‌ಗೆ ಗಡಿಯಾರದ ತಪ್ಪನ್ನೂ ಸೇರಿಸಿ ಎಲ್ಲ ಹೇಳಿದೆ. ಸರ್ ಬಸ್ಸಿನ ಪುಟವನ್ನೇ ಬಹಳ ಹೊತ್ತು ನೋಡಿದರು. "ಆರಾ ನಲವತ್ತೊಂದಕ್ಕ ಇನ್ನೂ ಬೆಳಕ ಇರತೈತಿ. ಕಾಣತೈತೇನ?"

"ಗೊತ್ತಿಲ್ರಿ ಸರ್."

"ಗೊತ್ತಿಲ್ಲ ಅಂದಿ ನೋಡು, ಅದಕ್ಕ ಬರ್ತೀನಿ."

ಬುಧವಾರ ಸರ್ ಬೇಗ ಬಂದರು. ಹಿಂದೆ ಬಂದವಳು ಒಬ್ಬಳೇ, ಕುರಿ ಸಾಕ್ಷಿ ಎಂದವಳು. ಸರ್ ನಮ್ಮನ್ನು ದೂರ ದೂರ ನಿಲ್ಲಿಸಿದರು: ನಾನು, ಅವಳು, ಅಪ್ಪ, ಅವ್ವ, ಕಾಕಾ. "ಯಾರೂ ಬಾಯಿ ಬಿಡಬ್ಯಾಡ್ರಿ. ಒಬ್ಬರದು ಒಬ್ಬರು ನೋಡಬ್ಯಾಡ್ರಿ. ಕಂಡ್ರ ಕೈ ಮಾಡ್ರಿ, ಅದು ಸರದಂಗ ಕೈ ಸರಸ್ರಿ." ತಾವು ನಮ್ಮೆಲ್ಲರ ಹಿಂದೆ ನಿಂತರು.

ಪಡುವಣ ಇನ್ನೂ ಕೆಂಪಗಿತ್ತು. ಒಂದೂ ನಕ್ಷತ್ರ ಮೂಡಿರಲಿಲ್ಲ. ಎಷ್ಟು ನೋಡಿದರೂ ನೀಲಿಯ ಮೇಲೆ ನೀಲಿ. ಕಣ್ಣಲ್ಲಿ ನೀರು ತುಂಬಿ ಒರೆಸಿಕೊಂಡೆ. ಒರೆಸಿ ನೋಡಿದಾಗ ಅಲ್ಲಿತ್ತು: ಅಕ್ಕಿಯ ನುಚ್ಚಿನಷ್ಟು, ಮಂಕಾಗಿ. ಕೈ ಎತ್ತಿದೆ. ನೆತ್ತಿಯ ಮೇಲೆ ಬರುವಾಗ ಚೊಕ್ಕ ಬೆಳಗಿತು. ಅದನ್ನೇ ಹಿಂಬಾಲಿಸುತ್ತ ಇಡೀ ಮೈ ತಿರುಗಿಸಿದೆ. ಜತ್ತ ಕಡೆಯ ಮಬ್ಬಿನಲ್ಲಿ ಅದು ಕಳೆದುಹೋದಾಗ ಕೈ ಇಳಿಸಿ ಹಿಂತಿರುಗಿದೆ.

ಸರ್ ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು.

"ನನಗ ಕಾಣಲಿಲ್ಲ" ಎಂದರು.

ಬೆಳಕಿನಲ್ಲಿ ಅವರ ಕಣ್ಣಿಗೆ ಅದು ಸಿಕ್ಕಿರಲಿಲ್ಲ. ಇನ್ನೊಂದು ಸಲ ತೋರಿಸೋಣವೆಂದರೆ ಪ್ರದರ್ಶನಕ್ಕೆ ಮೊದಲು ಇನ್ನೊಂದು ಸಲ ಎಂಬುದೇ ಇರಲಿಲ್ಲ. ಅವರು ನೋಟಬುಕ್ಕು ಕೇಳಿದರು. ಬದುವಿನ ಕಲ್ಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು, ನನ್ನ ಐದನೆಯ ಸಾಲಿನ ಕೆಳಗೆ ಬರೆದರು:

"ಬುಧವಾರ ಸಂಜೆ 6.41. ನಾನು ನೋಡಿಲ್ಲ. ಹೇಳಿದ ನಿಮಿಷಕ್ಕೆ ಐದು ಜನ ಮಾತಿಲ್ಲದೆ ಒಂದೇ ಕಡೆಗೆ ಕೈ ಮಾಡಿದರು. ಐದೂ ಕೈಗಳು ಒಟ್ಟಿಗೆ ಸರಿದವು. ಕೈಗಳನ್ನು ನೋಡಿದ್ದೇನೆ." ಕೆಳಗೆ ಸಹಿ ಹಾಕಿದರು.

"ಇದನ್ನ ಹಿಂಗ ಚಿಕ್ಕೋಡಿಗೆ ಒಯ್ಯೂಣು" ಎಂದು ನೋಟಬುಕ್ಕನ್ನು ಕೈಚೀಲಕ್ಕೆ ಹಾಕಿಕೊಂಡರು. ಆದರೆ ಹೊರಡಲಿಲ್ಲ. ಅವ್ವ ಚಹಾಕ್ಕೆ ಕರೆದರೂ ಅಂಗಿಯ ತುದಿಯಿಂದ ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡು, ಅದು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದರು.