ಜಾದೂಗಾರರ ಬೆನ್ನ ಮೇಲೆ ಸಂಡಿಗೆ

ತಮ್ಮ ನಂಬಿ ಕೊಟ್ಟ ಒಂದು ಕಾಗದದ ಸುರುಳಿಯನ್ನು ನಾನು ಕಾಯಲಿಲ್ಲ. ಕಾಯುವುದೆಂದರೆ ದೊಡ್ಡ ಕೆಲಸವೇನೂ ಇರಲಿಲ್ಲ; ಅಟ್ಟದ ಮೇಲೆ ಇದ್ದದ್ದನ್ನು ಅಲ್ಲೇ ಇರಗೊಟ್ಟಿದ್ದರೆ ಸಾಕಿತ್ತು. ಅಷ್ಟೂ ಮಾಡದವಳು ಮೇಲೊಂದು ಸುಳ್ಳನ್ನೂ ಹೇಳಿದೆ. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಸುಳ್ಳಿಗೆ ಅಷ್ಟು ಓದೂ ಬೇಕಾಗುವುದಿಲ್ಲ.

ತಮ್ಮ ಪುಣೆಯ ಹತ್ತಿರ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೀಡಿ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಊರೂರು ತಿರುಗುವ ಜಾದೂಗಾರರ ಪೋಸ್ಟರ್ ಕೂಡಿಸುವ ಹುಚ್ಚು. ಪುಣೆಗೆ ಯಾವ ಜಾದೂಗಾರ ಬಂದರೂ ಇವನು ಆಟಕ್ಕೆ ಹೋಗುತ್ತಿರಲಿಲ್ಲ. ಗೋಡೆಗೆ ಪೋಸ್ಟರ್ ಹಚ್ಚುವವನ ಹಿಂದೆ ಅಂಟಿನ ಬಕೀಟು ಹಿಡಿದುಕೊಂಡು ಪೇಟೆ ಪೇಟೆ ತಿರುಗಿ, ಕೊನೆಗೆ ಒಂದು ಹೊಸ ಪೋಸ್ಟರ್ ಬೇಡಿ ತರುತ್ತಿದ್ದ.

“ಒಮ್ಮೆಯಾದ್ರೂ ಆಟ ನೋಡಬಾರದೇನೋ?” ಅಂದರೆ, “ಆಟ ನೋಡಿದ್ರ ಎಲ್ಲಾ ಮೋಸ ಅಂತ ಗೊತ್ತಾಗ್ತದ ಅಕ್ಕಾ. ಪೋಸ್ಟರ್‌ನ್ಯಾಗ ಎಲ್ಲಾ ಖರೇನ ಇರ್ತದ” ಅನ್ನುತ್ತಿದ್ದ.

ಖಡಕಿಯ ಖೋಲಿಯಲ್ಲಿ ಜೊತೆಗಿದ್ದವರು ಒಂದು ಪೋಸ್ಟರನ್ನು ಒಡೆದ ಕಿಟಕಿಗೆ ಅಂಟಿಸಿಬಿಟ್ಟರು. ಅಂದಿನಿಂದ ಅವನಿಗೆ ಅವರ ಮೇಲೆ ನಂಬಿಕೆ ಹೋಯಿತು. ಎಲ್ಲವನ್ನೂ ಸುತ್ತಿಕೊಂಡು ನಮ್ಮ ಮನೆಗೆ ತಂದ. ನಾನು, ನಮ್ಮ ಯಜಮಾನರು, ಅತ್ತೆ, ಮೂವರೂ ಆಗ ಪುಣೆಯಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದೆವು. ಅಟ್ಟಕ್ಕೇರಿಸುವ ಮೊದಲು ಒಂದೊಂದನ್ನೇ ಬಿಡಿಸಿ ತೋರಿಸಿದ. ಒಬ್ಬ ತನ್ನ ತಲೆಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ನಗುತ್ತಿದ್ದ. ಇನ್ನೊಂದರಲ್ಲಿ ಹೆಂಗಸೊಬ್ಬಳು ಗಾಳಿಯಲ್ಲಿ ಅಂಗಾತ ಮಲಗಿದ್ದಳು.

ಅತ್ತೆ ಬಗ್ಗಿ ನೋಡಿದರು. “ಕೆಳಗ ಚಾಪಿ ಸೈತ ಇಲ್ಲ. ಹ್ಯಾಂಗ ನಿದ್ದಿ ಹತ್ತೇದ ಈಕಿಗೆ?”

“ಅದು ಜಾದೂರೀ.”

“ಜಾದೂ ಅಲ್ಲೋ. ಮನಿತುಂಬ ಮಕ್ಕಳಿರಬೇಕು. ಅಂಥಾಕಿ ಎಲ್ಲಿ ಒರಗಿದ್ರೂ ನಿದ್ದಿ ಮಾಡ್ತಾಳ.”

ಆ ಬೇಸಿಗೆಯಲ್ಲಿ ನಾವು ಅಕ್ಕಿ ಸಂಡಿಗೆ ಹಾಕಲು ಕೂತೆವು. ಯುದ್ಧದ ಕಾಲ, ಬಟ್ಟೆಗೆ ರೇಷನ್. ಸಂಡಿಗೆಗೆಂದು ಇಟ್ಟಿದ್ದ ಹಳೆಯ ಧೋತರಗಳೆಲ್ಲ ಕೌದಿಯೊಳಗೆ ಸೇರಿಹೋಗಿದ್ದವು. ಅದು ನೆನಪಾದದ್ದು ಹಿಟ್ಟು ಕುದಿದು ಗಟ್ಟಿಯಾದ ಮೇಲೆ. ಆರಿದ ಹಿಟ್ಟು ಕೈಗೆ ಬರುವುದಿಲ್ಲ. ಅತ್ತೆ ಸೌಟು ಹಿಡಿದುಕೊಂಡು, “ಲಗೂ ಏನರ ಹಾಸವಾ” ಎಂದು ಮಾಳಿಗೆಯ ಗಚ್ಚಿಯ ಮೇಲಿಂದ ಕೂಗಿದರು. ನನ್ನ ಕಣ್ಣು ಅಟ್ಟಕ್ಕೆ ಹೋಯಿತು. ಪೋಸ್ಟರಿನ ಹಿಂಬದಿ ಬೆಳ್ಳಗೆ, ಕೋರಾ ಇತ್ತು. ಬಿಸಿಲಿಗೆ ಒಣಗಿದ ಮೇಲೆ ಸುತ್ತಿ ಇಟ್ಟರಾಯಿತು, ಚಿತ್ರಕ್ಕೇನೂ ಆಗದು ಎಂದುಕೊಂಡೆ. ಜಾದೂಗಾರರನ್ನೆಲ್ಲ ಬೋರಲು ಮಲಗಿಸಿ, ಅಂಚಿಗೆ ಕಲ್ಲಿಟ್ಟು, ಅವರ ಬೆನ್ನ ಮೇಲೆ ಸಂಡಿಗೆ ಹಾಕಿದೆವು.

ಸಂಡಿಗೆ ಚೆನ್ನಾಗಿ ಒಣಗಿತು, ಆದರೆ ಕಾಗದ ಬಿಟ್ಟು ಏಳಲಿಲ್ಲ. ಬಟ್ಟೆಯ ಮೇಲಿನ ಸಂಡಿಗೆ ಏಳದಿದ್ದರೆ ಬಟ್ಟೆ ಮಗುಚಿ ಹಿಂದಿನಿಂದ ನೀರು ಚಿಮುಕಿಸುತ್ತೇವೆ. ಹುಡುಗಿಯಾಗಿದ್ದಾಗಿನಿಂದ ಮಾಡುತ್ತ ಬಂದ ಕೆಲಸ. ಕೈ ನನ್ನನ್ನು ಕೇಳಲೇ ಇಲ್ಲ. ಕಾಗದ ಮಗುಚಿ ತಂಬಿಗೆಯಿಂದ ಧಾರಾಳವಾಗಿ ನೀರು ಚಿಮುಕಿಸಿದೆ. ಕೆಂಪು, ಹಸಿರು ಎಲ್ಲ ಕೂಡಿ ಹರಿಯಿತು. ಗಾಳಿಯಲ್ಲಿ ಮಲಗಿದವಳು ಮುದ್ದೆಯಾಗಿ ನನ್ನ ಅಂಗೈಗೆ ಬಂದಳು. ಮುಂದಿನದು ಒಣಗಿದ್ದಾಗಲೇ ಕಿತ್ತು ನೋಡಿದೆವು. ಜಾದೂಗಾರನ ಮೀಸೆ ಸಂಡಿಗೆಯ ಜೊತೆಗೇ ಹರಿದು ಬಂತು. ಕೊನೆಗೆ ಒಂದು ಪೋಸ್ಟರೂ ಉಳಿಯಲಿಲ್ಲ. ಸಂಡಿಗೆ ಬಿಸಾಡಲು ಅತ್ತೆಗೆ ಮನಸ್ಸಾಗಲಿಲ್ಲ; ಅಂಟಿದ ಕಾಗದ ಕೆರೆದು ಕೆರೆದು ಡಬ್ಬಿಗೆ ತುಂಬಿದರು. ಪಕ್ಕದ ಖೋಲಿಯಾಕೆ ಕರಿದದ್ದನ್ನು ತಿಂದು, “ಬಣ್ಣಕ್ಕ ಏನ ಹಾಕೀರಿ, ಬೀಟ್ರೂಟಾ?” ಎಂದು ಕೇಳಿದಳು. ಅತ್ತೆ ಹೌದೆಂದರು.

ಮಳೆ ಹಿಡಿಯುವ ಮೊದಲು ತಮ್ಮ ಬಂದ. ಮುಖದಲ್ಲಿ ಹಬ್ಬ. ಭೋರ್ ಎಂಬ ಊರಿನಲ್ಲಿ ಒಬ್ಬ ಮುದುಕ ಸಿಕ್ಕಿದ್ದನಂತೆ, ಗಾಳಿಯಲ್ಲಿ ಹೆಂಗಸನ್ನು ಮಲಗಿಸುತ್ತಿದ್ದ ಜಾದೂಗಾರನೇ. “ಅವನ ಹತ್ರ ಒಂದೂ ಪೋಸ್ಟರ್ ಉಳದಿಲ್ಲಕ್ಕಾ. ತಾನು ಜಾದೂಗಾರ ಇದ್ದೆ ಅಂದ್ರ ಮೊಮ್ಮಕ್ಕಳು ಸೈತ ನಗ್ತಾವ. ತಂದು ಕೊಡತೀನಿ ಅಂತ ಮಾತು ಕೊಟ್ಟೇನಿ. ತಗೀ.”

“ಗೆದ್ದಲ ತಿಂತೋ” ಅಂದೆ.

ಅವನು ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಪೋಸ್ಟರಿನ ಮಾತೇ ಬಿಟ್ಟ. “ಗೆದ್ದಲಾ? ತೊಲಿ ಹಿಡದಿದ್ರ ನಿಮ್ಮ ತಲಿ ಮ್ಯಾಲ ಬೀಳ್ತದಲ್ಲ” ಎಂದು ಅಟ್ಟ ಹತ್ತಿ, ಒಂದೊಂದೇ ತೊಲೆಯನ್ನು ಗುದ್ದಿ ಕಿವಿಯಿಟ್ಟ. ಅತ್ತೆ ಕೆಳಗೆ ದೀಪ ಹಿಡಿದು ನಿಂತರು.

“ಭಾಳ ಶಾಣ್ಯಾ ಗೆದ್ದಲ ಬಿಡ್ರಿ. ಕಾಗದ ಅಷ್ಟ ತಿಂದು ಕಟಿಗಿ ಮುಟ್ಟಿಲ್ಲ” ಅಂದ.

“ಉಂಡು ಹೊಟ್ಟಿ ತುಂಬಿರಬೇಕಪಾ” ಅಂದರು ಅತ್ತೆ.

ಗುದ್ದುವ ಸದ್ದಿಗೆ ವಾಡೆಯ ಮಾಲಕರು ಬಂದರು. “ವಾಳವೀ? ಮಾಝ್ಯಾ ವಾಡ್ಯಾತ?” ತಮ್ಮ ವಾಡೆಯಲ್ಲಿ ಗೆದ್ದಲೇ ಎಂದು ಮರಾಠಿಯಲ್ಲಿ ಗುಡುಗಿದರು. ಅವರ ವಾಡೆಗೆ ಗೆದ್ದಲೆಂದರೆ ಅವರ ಮನೆತನಕ್ಕೇ ಗೆದ್ದಲೆಂದ ಹಾಗೆ. ಗೆದ್ದಲಿಲ್ಲವೆಂದು ಸಾಬೀತು ಮಾಡುತ್ತೇನೆ ಎಂದು ಹಾರೆಯವನನ್ನು ಕರೆಸಿ, ನಮ್ಮ ಒಲೆಯ ಪಕ್ಕದ ನೆಲವನ್ನೇ ಅಗೆಯಲು ಹೇಳಿದರು. ಹಾರೆಯವನು ಅಂಗೈಗೆ ಉಗುಳಿಕೊಂಡ.

ತಮ್ಮ ಅಟ್ಟದಿಂದಿಳಿದು, ಮೈಯ ಜೇಡರ ಬಲೆ ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದ. “ನೀ ಯಾಕ ಅಳ್ತೀಯಕ್ಕಾ? ನಾಳೆ ಭೋರಿಗೆ ಹೋಗಿ ಮುದುಕನ ಕಾಲ ಹಿಡೀತೀನಿ. ನಾನ ಜ್ವಾಪಾನ ಮಾಡಲಿಲ್ಲ ಅಂತ ಹೇಳತೀನಿ. ನಿನ್ನ ಹೆಸರ ತಗಿಯೂದಿಲ್ಲ.”

ನಮ್ಮಲ್ಲಿ ದೊಡ್ಡವರು ಸಣ್ಣವರಿಗೆ ತಪ್ಪಾಯಿತು ಅನ್ನುವ ರೂಢಿಯಿಲ್ಲ. ಅತ್ತೆ ದೀಪದ ಹಿಂದಿನಿಂದ ಬೇಡವೆಂದು ಕಣ್ಸನ್ನೆ ಮಾಡಿದರು. ನಾನು ಮಾಲಕರ ಮುಂದೆ, ಹಾರೆಯವನ ಮುಂದೆ, ಬಾಗಿಲಲ್ಲಿ ಕೂಡಿದ್ದ ಇಡೀ ವಾಡೆಯ ಮುಂದೆ ಗಟ್ಟಿಯಾಗಿ ಹೇಳಿದೆ:

“ಗೆದ್ದಲ ಅಲ್ಲೋ ತಮ್ಮಾ, ನಾನ. ನಿನ್ನ ಜಾದೂಗಾರರ ಬೆನ್ನ ಮ್ಯಾಲ ಸಂಡಿಗಿ ಹಾಕಿ, ನೀರ ಹೊಡದು ಹಾಳ ಮಾಡಿದೆ. ನಾಳೆ ನಾನೂ ಬರ್ತೀನಿ, ಮುದುಕಗೂ ನಾನ ಹೇಳತೀನಿ. ತಪ್ಪಾತಪಾ. ನನ್ನಿಂದ ಭಾಳ ತಪ್ಪಾತು.”